ಪೈಜಾಮ ಮತ್ತು ಪಾಠಶಾಲೆ

ಉಡುಪಿನ ವಿಚಾರವೆಂದರೆ ಹಗುರವಾದ ವಿಚಾರವೆಂದು ನಮ್ಮಲ್ಲಿ ಅನೇಕರ ಎಣಿಕೆ. ವೇದಾಂತಿಗಳಂತೂ ಅದನ್ನು ಮಾತಿಗೆ ತಕ್ಕ ವಸ್ತುವೆಂದೇ ಬಗೆಯುವುದಿಲ್ಲ. ಆದರೆ ಮದುವೆಯ ಜವಳಿಗೆ ಹೋಗಿಬಂದ ಗೃಹಸ್ಥನನ್ನು ಕೇಳಿ ನೋಡಿ. ಬಟ್ಟೆಯೆಂಬುದು ಎಂಥ ಗಂಭೀರವಾದ ಪದಾರ್ಥವೆಂಬುದನ್ನು ಅವನು ಹೇಳಿಯಾನು. ಮಕ್ಕಳನ್ನು ಶಾಲೆಗೆ ಬಿಡಲು ಬರುವ ತಂದೆತಾಯಿಗಳು ರಾತ್ರಿ ಮಲಗುವಾಗ ತೊಟ್ಟ ಉಡುಪಿನಲ್ಲಿಯೇ ಬರಬಹುದೆ, ಬರಬಾರದೆ ಎಂಬ ಪ್ರಶ್ನೆ ಈಚೆಗೆ ನಮ್ಮ ಬಡಾವಣೆಯಲ್ಲಿ ಎದ್ದಿತು. ಎತ್ತಿದವರು ಇಬ್ಬರು ಮೂವರು ಹಿರಿಯರು. ನಕ್ಕವರು ಬಹಳ ಮಂದಿ. ನಾನು ಮೂವತ್ತು ವರ್ಷ ಉಪಾಧ್ಯಾಯನಾಗಿ ದುಡಿದು ನಿವೃತ್ತನಾದವನು. ಶಾಲೆಯ ಬಾಗಿಲಲ್ಲಿ ನಿಂತು ಬರುವವರನ್ನೂ ಬರಲು ಹಿಂಜರಿಯುವವರನ್ನೂ ನೋಡಿದ ಕಣ್ಣು ನನ್ನದು. ಆದುದರಿಂದ ನನಗೆ ನಗುವುದು ಸಾಧ್ಯವಾಗಲಿಲ್ಲ. ಪ್ರಶ್ನೆ ಪೈಜಾಮದ್ದಾದರೂ ಅದರ ಬೆನ್ನಿಗೆ ಇನ್ನೊಂದು ದೊಡ್ಡ ಪ್ರಶ್ನೆ ನಿಂತಿದೆಯೆಂದು ತೋರಿತು. ಅದನ್ನು ವಾಚಕರ ಮುಂದೆ ಇಡುವುದಕ್ಕಾಗಿ ಈ ಮಾತುಗಳು.

ನಮ್ಮ ಊರು ಪಟ್ಟಂದೂರು ಅಗ್ರಹಾರ. ಹೆಸರನ್ನು ಕೇಳಿದವರು ಹೊಳೆಯ ದಂಡೆ, ವೇದಘೋಷ, ಮಡಿಪಂಚೆಗಳನ್ನು ನೆನೆದಾರು. ಊರಿಗೆ ಕೆರೆಯುಂಟು, ಗುಡಿಯುಂಟು, ಉಳಿದುದೆಲ್ಲ ಬದಲಾಗಿದೆ. ತೊಂಬತ್ತರ ದಶಕದಲ್ಲಿ ಇಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕು ಎದ್ದ ಮೇಲೆ ರಾಗಿಯ ಹೊಲಗಳಿದ್ದೆಡೆ ಗಾಜಿನ ಸೌಧಗಳು ನಿಂತವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಬಂದಿತು; ನೇರಳೆ ಮಾರ್ಗದ ಒಂದು ನಿಲ್ದಾಣಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಪಕ್ಕದ ವೈಟ್‌ಫೀಲ್ಡಿನ ಕಥೆ ಇನ್ನೂ ಹಿಂದಿನದು. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಹುಟ್ಟಿದ ಊರು ಅದು. ಹೀಗೆ ಅಗ್ರಹಾರವೂ ಆಂಗ್ಲರ ನೆರಳೂ ಅಮೆರಿಕದ ಕೆಲಸವೂ ಒಂದೆರಡು ಮೈಲಿಯೊಳಗೆ ಸೇರಿಕೊಂಡಿರುವ ಈ ಸ್ಥಳದಲ್ಲಿ ಉಡುಪಿನ ಪ್ರಶ್ನೆ ಏಳದಿದ್ದರೇ ಆಶ್ಚರ್ಯವಾಗಬೇಕು.

ಬೆಳಗಿನ ಏಳು ಗಂಟೆಯ ಹೊತ್ತಿಗೆ ನಮ್ಮ ರಸ್ತೆಯ ತಿರುವಿನಲ್ಲಿ ನಿಂತರೆ ಶಾಲೆಯ ವ್ಯಾನುಗಳ ಮೆರವಣಿಗೆಯನ್ನು ನೋಡಬಹುದು. ಮಕ್ಕಳ ಉಡುಪಿನಲ್ಲಿ ಕುಂದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಟೈ, ಹೊಳೆಯುವ ಬೂಟು. ಕೈಹಿಡಿದು ನಿಂತ ದೊಡ್ಡವರ ಅವತಾರವೇ ಬೇರೆ. ತಂದೆಯ ಸೊಂಟದಲ್ಲಿ ಚೌಕುಳಿ ಪೈಜಾಮ, ಇಲ್ಲವೆ ಮೊಣಕಾಲಿನವರೆಗಿನ ಚಡ್ಡಿ; ಕಾಲಿಗೆ ಹವಾಯಿ ಚಪ್ಪಲಿ; ಕಣ್ಣಿನಲ್ಲಿ ಇನ್ನೂ ನಿದ್ದೆ. ತಾಯಿ ನೈಟಿಯ ಮೇಲೊಂದು ದುಪಟ್ಟವನ್ನು ಹೊದ್ದು, ಒಂದು ಕೈಯಲ್ಲಿ ನೀರಿನ ಬಾಟಲಿಯನ್ನೂ ಇನ್ನೊಂದರಲ್ಲಿ ಮಗುವಿನ ಬಾಯಿಗೆ ಇಡಬೇಕಾದ ಕಡೆಯ ತುತ್ತನ್ನೂ ಹಿಡಿದು ಓಡಿಬರುತ್ತಾಳೆ. ಇದೇ ವೇಳೆಗೆ ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಸಾಲು ನಡೆಯುತ್ತದೆ. ರಾತ್ರಿಪಾಳಿ ಮುಗಿಸಿದ ಕಾವಲುಗಾರ ತನ್ನ ನೀಲಿ ಸಮವಸ್ತ್ರದಲ್ಲಿಯೇ ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸರ್ಕಾರಿ ಶಾಲೆಯ ಕಡೆಗೆ ಹೊರಟಿರುತ್ತಾನೆ. ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸು ಸೀರೆಯ ಮೇಲೆ ಗಂಡಸರ ಅಂಗಿಯನ್ನು ತೊಟ್ಟು ಮಗಳನ್ನು ಅಂಗನವಾಡಿಯಲ್ಲಿ ಬಿಡುತ್ತಾಳೆ. ಇರುಳುಡುಪಿನ ಸಾಲು ಒಂದು, ದುಡಿಮೆಯ ಉಡುಪಿನ ಸಾಲು ಇನ್ನೊಂದು. ನಮ್ಮ ಹಿರಿಯರು ಆಕ್ಷೇಪಿಸಿದುದು ಮೊದಲನೆಯದನ್ನು ಮಾತ್ರ. ಎರಡನೆಯದು ಅವರ ಕಣ್ಣಿಗೆ ಬೀಳಲಿಲ್ಲ.

ಮೊದಲನೆಯ ಸಾಲಿನವರನ್ನು ಸೋಮಾರಿಗಳೆಂದು ಬಯ್ದುಬಿಡುವುದು ಸುಲಭ. ಆದರೆ ಕಾರಣವನ್ನು ವಿಚಾರಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಬೆಳಗಿನ ಒಂಬತ್ತು ಗಂಟೆಯಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅಲ್ಲಿನ ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿಯವರ ಹಗಲಿಗೆ ಹೊಂದಿಕೊಂಡು ದುಡಿಯುವವನಿಗೆ ಇಲ್ಲಿ ನಡುರಾತ್ರಿ ಕಳೆದ ಮೇಲೆ ಮಲಗುವ ಹೊತ್ತು. ಆರು ಗಂಟೆಗೆ ಮಗುವನ್ನು ಎಬ್ಬಿಸಬೇಕು, ಏಳಕ್ಕೆ ವ್ಯಾನು. ವ್ಯಾನು ಹೋದ ಮೇಲೆ ಇನ್ನೊಂದು ಗಂಟೆ ಒರಗಿಕೊಳ್ಳಬಹುದೆಂಬ ಆಸೆಯಿರುವವನು ಷರಾಯಿ ಹಾಕಿಕೊಂಡಾನೆ? ತಾಯಿಯ ಪಾಡು ಇನ್ನೂ ಬಿಗಿ. ಐದಕ್ಕೆ ಎದ್ದು ನೀರು ಹಿಡಿದು, ತಿಂಡಿ ಮಾಡಿ, ಎರಡು ಮೂರು ಡಬ್ಬಿ ತುಂಬಿ, ಜಡೆ ಹೆಣೆದು, ಕಳೆದುಹೋದ ಕಾಲುಚೀಲವನ್ನು ಹುಡುಕಿ ಕೊಡುವಷ್ಟರಲ್ಲಿ ಕೆಳಗೆ ವ್ಯಾನು ಕೂಗುತ್ತಿರುತ್ತದೆ. ಮನೆಯಲ್ಲಿ ಎಲ್ಲರ ಉಡುಪನ್ನೂ ಸರಿಪಡಿಸಿದವಳಿಗೆ ತನ್ನ ಉಡುಪನ್ನು ಬದಲಾಯಿಸಲು ಮಿಕ್ಕ ಹೊತ್ತೆಷ್ಟು? ಇದರ ಮೇಲೆ 2020ರ ಸಾಂಕ್ರಾಮಿಕ ರೋಗ ಬಂದು, ಶಾಲೆ ಕಛೇರಿಗಳೆರಡೂ ಮನೆಯೊಳಗೇ ಕುಳಿತವು. ಮೇಲೆ ಅಂಗಿ, ಕೆಳಗೆ ಪೈಜಾಮ ತೊಟ್ಟು ಪರದೆಯ ಮುಂದೆ ಸಭೆ ನಡೆಸಿದವರು ಎಷ್ಟು ಮಂದಿ! ಆ ವರ್ಷಗಳಲ್ಲಿ ಮನೆಗೂ ಬೀದಿಗೂ ನಡುವಣ ಹೊಸ್ತಿಲು ಸ್ವಲ್ಪ ಸವೆದುದು ನಿಜ.

ಈ ಪ್ರಶ್ನೆ ನಮ್ಮಲ್ಲೇ ಹುಟ್ಟಿದ್ದಲ್ಲ. 2016ರ ಜನವರಿಯಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ ಎಂಬ ಪಟ್ಟಣದ ಸ್ಕರ್ನ್ ಪಾರ್ಕ್ ಅಕಾಡೆಮಿಯೆಂಬ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಕೇಟ್ ಚಿಜಮ್ ಅವರು ತಂದೆತಾಯಿಗಳಿಗೆ ಒಂದು ಪತ್ರ ಬರೆದರು. ಮಕ್ಕಳನ್ನು ಬಿಡಲು ಬರುವಾಗಲೂ ಕರೆದೊಯ್ಯುವಾಗಲೂ ಪೈಜಾಮದಲ್ಲಿ ಬರುವವರು ಹೆಚ್ಚುತ್ತಿದ್ದಾರೆ. ಶಾಲೆಯ ಸಭೆಗಳಿಗೂ ಹಾಗೆಯೇ ಬರುತ್ತಿದ್ದಾರೆ. ದಯವಿಟ್ಟು ಮುಖ ತೊಳೆದು ಬಟ್ಟೆ ಬದಲಾಯಿಸಿ ಬಂದು ಮಕ್ಕಳಿಗೆ ಮಾದರಿಯಾಗಿರಿ ಎಂಬುದು ಪತ್ರದ ಸಾರ. ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ದೇಶವೆಲ್ಲ ಎರಡು ಪಂಗಡವಾಯಿತು. ಬಹಳ ಮಂದಿ ಭಲೆ ಎಂದರು. ಕೆಲವರು, ನಮ್ಮ ಮೈಮೇಲಿನ ಬಟ್ಟೆ ಶಾಲೆಯ ಪಾಠಪಟ್ಟಿಗೆ ಸೇರಿದ್ದೇ ಎಂದು ಕೇಳಿದರು. ಬೇಕೆಂದೇ ಪೈಜಾಮದಲ್ಲಿ ಬಂದು ನಿಂತ ತಾಯಂದಿರೂ ಇದ್ದರು.

ಆ ಮುಖ್ಯೋಪಾಧ್ಯಾಯಿನಿಯ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮಗು ಕಿವಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಕಲಿಯುತ್ತದೆಯೆಂಬುದನ್ನು ಎಲ್ಲ ಉಪಾಧ್ಯಾಯರೂ ಬಲ್ಲರು. ಮಗುವಿಗೆ ಬೂಟು ಹೊಳೆಯಬೇಕು, ಉಗುರು ಕತ್ತರಿಸಿರಬೇಕು ಎಂದು ವಿಧಿಸಿ, ವಿಧಿಸಿದವರೇ ಹಾಸಿಗೆಯಿಂದ ಎದ್ದುಬಂದ ಹಾಗೆ ನಿಂತರೆ ಮಗುವಿನ ಮನಸ್ಸಿನಲ್ಲಿ ಒಂದು ಲೆಕ್ಕ ನಡೆಯದೆ ಇರದು. ಆಕೆ ಬರೆದುದು ಆಜ್ಞೆಯಲ್ಲ, ವಿನಂತಿ ಎಂಬುದನ್ನೂ ಗಮನಿಸಬೇಕು. ಬಟ್ಟೆ ನೋಡಿ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವೆನೆಂದು ಅದು ಹೇಳಲಿಲ್ಲ. ಈ ಭೇದ ಮುಂದೆ ನಮಗೆ ಬಹಳ ಬೇಕಾಗುತ್ತದೆ.

ಪೈಜಾಮದ ಕುಲಗೋತ್ರಗಳನ್ನು ವಿಚಾರಿಸಿದರೆ ಈ ವಿವಾದಕ್ಕೆ ಒಂದು ವಿನೋದದ ಮುಖವೂ ಕಾಣುತ್ತದೆ. ಪಾರಸಿಯಲ್ಲಿ ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ಕಾಲಿಗೆ ತೊಡುವುದೇ ಪಾಯಿಜಾಮ. ಉತ್ತರ ದೇಶದಲ್ಲಿ ಅದು ಹಗಲಿನ ಉಡುಪು, ಮರ್ಯಾದಸ್ಥರ ಉಡುಪು. ಇಂಡಿಯಕ್ಕೆ ಬಂದ ಆಂಗ್ಲರು ಅದರ ಸಡಿಲಿನ ಸುಖಕ್ಕೆ ಸೋತು ಮನೆಯೊಳಗೂ ಹಾಸಿಗೆಯಲ್ಲಿಯೂ ತೊಡತೊಡಗಿದರು. ಆಂಗ್ಲೋ-ಇಂಡಿಯನ್ ಮಾತುಗಳ ಕೋಶವಾದ 1886ರ ‘ಹಾಬ್ಸನ್-ಜಾಬ್ಸನ್’ ಈ ಸಂಗತಿಯನ್ನು ದಾಖಲಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಅವರ ದೇಶದಲ್ಲಿ ನಿಲುವಂಗಿಯನ್ನು ಹಿಂದೆ ಹಾಕಿ ಗಂಡಸರ ಇರುಳುಡುಪಾಯಿತು. ಅಲ್ಲಿಂದ ಹಡಗು ಹತ್ತಿ ನಮ್ಮ ನಗರಗಳಿಗೆ ಹಿಂದಿರುಗುವಾಗ ತನ್ನ ಹಗಲಿನ ಗೌರವವನ್ನು ಅಲ್ಲಿಯೇ ಬಿಟ್ಟುಬಂದಿತು. ಬೆಂಗಳೂರಿನವನಿಗೆ ಪೈಜಾಮವೆಂದರೆ ಹಾಸಿಗೆಯ ನೆನಪು. ಧಾರವಾಡದ ಕಡೆಗೆ ಹೋಗಿ ನೋಡಿ: ಬಿಳಿಯ ಪಾಯಿಜಾಮ, ನೆಹರೂ ಶರ್ಟು, ತಲೆಗೆ ಟೋಪಿ ಧರಿಸಿದ ಹಿರಿಯ ಮಾಸ್ತರರು ಬೀದಿಯಲ್ಲಿ ಬಂದರೆ ಜನ ಎದ್ದು ನಿಂತು ಕೈಮುಗಿಯುತ್ತಿದ್ದರು. ಆ ಮಾಸ್ತರರು ಪೈಜಾಮದಲ್ಲಿ ಶಾಲೆಗೆ ಬರಬಹುದೆ ಎಂದು ಯಾರಾದರೂ ಕೇಳಿದ್ದರೆ ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲ.

ನೈಟಿಯ ಪ್ರಯಾಣ ಇದಕ್ಕೆ ವಿರುದ್ಧವಾದುದು. ಹೆಸರಿನಲ್ಲಿಯೇ ರಾತ್ರಿಯನ್ನು ಹೊತ್ತು ಬಂದ ಈ ನಿಲುವಂಗಿ ನಮ್ಮ ಹೆಂಗಸರ ಕೈಗೆ ಸಿಕ್ಕಿ ಹಗಲಿನ ಉಡುಪಾಯಿತು. ಒಲೆಯ ಮುಂದೆ ಸೆರಗು ಜಾರದು, ನೆರಿಗೆ ಹಿಡಿಯಬೇಕಾದುದಿಲ್ಲ, ಒಗೆಯಲು ಸುಲಭ, ಮೈತುಂಬ ಬಟ್ಟೆ. ಮೇಲೊಂದು ದುಪಟ್ಟವನ್ನೋ ಟವಲನ್ನೋ ಹೊದ್ದುಕೊಂಡರೆ ಅಂಗಡಿಗೂ ಸೈ, ಹಾಲಿನ ಬೂತಿಗೂ ಸೈ. ಮಾನವನ್ನು ಮುಚ್ಚುವುದೇ ಉಡುಪಿನ ಧರ್ಮವಾದರೆ ಇದಕ್ಕಿಂತ ಧರ್ಮಿಷ್ಠವಾದ ಉಡುಪು ವಿರಳ. ಆದರೂ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯೆಂಬ ಹಳ್ಳಿಯ ಹಿರಿಯರು 2018ರಲ್ಲಿ, ಬೆಳಗಿನ ಏಳರಿಂದ ಸಂಜೆ ಏಳರವರೆಗೆ ಯಾವ ಹೆಂಗಸೂ ನೈಟಿಯಲ್ಲಿ ಹೊರಗೆ ಕಾಣಿಸಿಕೊಳ್ಳಬಾರದೆಂದು ಕಟ್ಟು ಮಾಡಿದರು. ಮೀರಿದವರಿಗೆ 2,000 ರೂಪಾಯಿ ದಂಡ. ಸುಳಿವು ಕೊಟ್ಟವರಿಗೆ 1,000 ರೂಪಾಯಿ ಇನಾಮು. ಗಂಡಸರ ಲುಂಗಿಯ ಬಗ್ಗೆಯೂ ಚಡ್ಡಿಯ ಬಗ್ಗೆಯೂ ಆ ಕಟ್ಟಿನಲ್ಲಿ ಮಾತಿರಲಿಲ್ಲ.

ನಮ್ಮ ಬಡಾವಣೆಯ ಆಕ್ಷೇಪವೂ ಹೀಗೆಯೇ ಒಂದು ಕಡೆಗೆ ವಾಲಿತ್ತೆಂಬುದನ್ನು ನಾನು ಗಮನಿಸಿದೆನು. ಚಡ್ಡಿಯಲ್ಲಿ ಬಂದ ತಂದೆಯನ್ನು ಕಂಡವರು ‘ಪಾಪ, ರಾತ್ರಿಯೆಲ್ಲ ಕೆಲಸ’ ಎಂದರು. ನೈಟಿಯಲ್ಲಿ ಬಂದ ತಾಯಿಯನ್ನು ಕಂಡವರು ‘ಈಗಿನ ಕಾಲದ ಹೆಣ್ಣುಮಕ್ಕಳು’ ಎಂದರು. ಇಬ್ಬರೂ ಹಾಸಿಗೆಯಿಂದ ಎದ್ದುಬಂದವರೇ. ಒಬ್ಬರ ಸಡಿಲು ದಣಿವಾಯಿತು, ಇನ್ನೊಬ್ಬರದು ನಡತೆಯಾಯಿತು. ಶಿಸ್ತನ್ನು ಕುರಿತು ಮಾತನಾಡುವವರು ಮೊದಲು ತಮ್ಮ ತಕ್ಕಡಿಯ ಎರಡು ತಟ್ಟೆಗಳನ್ನೂ ಒಮ್ಮೆ ಸರಿಮಾಡಿಕೊಳ್ಳುವುದು ಲೇಸು.

ಇಷ್ಟು ಹೇಳಿದ ಮಾತ್ರಕ್ಕೆ ಉಡುಪಿಗೆ ಅರ್ಥವೇ ಇಲ್ಲವೆಂದಾಗುವುದಿಲ್ಲ. ನಮ್ಮ ಸಂಪ್ರದಾಯದಲ್ಲಿ ವಿದ್ಯೆಗೂ ಉಡುಪಿಗೂ ಹಳೆಯ ನಂಟುಂಟು. ವಿಜಯದಶಮಿಯ ದಿನ ಅಕ್ಷರಾಭ್ಯಾಸ ನಡೆಯುವ ಮನೆಯನ್ನು ನೆನೆಯಿರಿ. ಹರಿವಾಣದಲ್ಲಿ ಅಕ್ಕಿ ಹರಡಿರುತ್ತದೆ. ತಂದೆ ಸ್ನಾನ ಮಾಡಿ ಒಗೆದ ಪಂಚೆಯುಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬೆರಳು ಹಿಡಿದು ಮೊದಲನೆಯ ಅಕ್ಷರವನ್ನು ಬರೆಸುತ್ತಾನೆ. ತಾಯಿ ರೇಷ್ಮೆಯ ಸೀರೆಯುಟ್ಟು ಪಕ್ಕದಲ್ಲಿರುತ್ತಾಳೆ. ಅಕ್ಷರವೆಂಬುದು ಏನೆಂದು ತಿಳಿಯದ ಮಗುವಿಗೂ ಈ ಹೊತ್ತು ಬೇರೆ ಹೊತ್ತುಗಳಂತಲ್ಲವೆಂದು ತಿಳಿಯುತ್ತದೆ. ಅದನ್ನು ತಿಳಿಸಿದುದು ಉಡುಪೇ. ಹಿಂದಿನ ಮೈಸೂರಿನ ಉಪಾಧ್ಯಾಯರು ಎಷ್ಟೇ ಬಡವರಾಗಿರಲಿ, ಕಚ್ಚೆಪಂಚೆ, ಮುಚ್ಚುಕೊರಳಿನ ಕೋಟು, ರುಮಾಲುಗಳಿಲ್ಲದೆ ತರಗತಿಗೆ ಬರುತ್ತಿರಲಿಲ್ಲ. ಕೋಟಿನ ಮೊಣಕೈಯಲ್ಲಿ ತೇಪೆಯಿದ್ದೀತು, ಕೊಳೆ ಇರುತ್ತಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುಪ್ಪಿನಲ್ಲಿಯೂ ಉಡುಪಿನ ಅಚ್ಚುಕಟ್ಟನ್ನು ಬಿಡಲಿಲ್ಲವೆಂಬುದು ನಾಡಿಗೇ ಗೊತ್ತಿದೆ. ಎದುರಿನವರಿಗೆ ತಾನು ತೋರುವ ಗೌರವ ಅದು.

ಇದರ ಜೊತೆಯಲ್ಲಿಯೇ ಇನ್ನೊಂದು ಚಿತ್ರವನ್ನೂ ಇಟ್ಟು ನೋಡಬೇಕು. ಮಧುರೆಯಲ್ಲಿ 1921ರಲ್ಲಿ ಮೇಲಂಗಿಯನ್ನು ತೊರೆದು ತುಂಡು ಬಟ್ಟೆಯನ್ನು ಉಟ್ಟ ಗಾಂಧೀಜಿ, 1931ರಲ್ಲಿ ಚಕ್ರವರ್ತಿಯ ಅರಮನೆಯ ಸತ್ಕಾರಕೂಟಕ್ಕೂ ಅದೇ ವೇಷದಲ್ಲಿ ಹೋದರು. ಆ ಬಟ್ಟೆ ನಾಡಿನ ಬಡವನ ಬಟ್ಟೆ. ಬಡವನನ್ನು ಹೊರಗೆ ನಿಲ್ಲಿಸಿ ತಾನೊಬ್ಬ ಒಳಗೆ ಹೋಗಲಾರೆನೆಂಬುದು ಆ ಉಡುಪಿನ ಅರ್ಥ. ವಿಶ್ವೇಶ್ವರಯ್ಯನವರ ಕೋಟೂ ಗಾಂಧೀಜಿಯ ತುಂಡುಬಟ್ಟೆಯೂ ಒಂದೇ ದೇಶದ ಗೌರವಕ್ಕೆ ಪಾತ್ರವಾದವು. ಎರಡರಲ್ಲಿಯೂ ಸಮಾನವಾಗಿದ್ದ ಅಂಶ ಒಂದು: ಉಟ್ಟವನು ಅದನ್ನು ತಾನಾಗಿ ಆರಿಸಿಕೊಂಡಿದ್ದನು.

ಆರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇರುವುದಿಲ್ಲವೆಂಬುದೇ ಇಲ್ಲಿನ ತೊಡಕು. ನಾನು ಸೇವೆಯಲ್ಲಿದ್ದ ಒಂದು ಪ್ರೌಢಶಾಲೆಯ ಸಂಗತಿಯನ್ನು ಹೇಳಿದರೆ ಇದು ಸ್ಪಷ್ಟವಾದೀತು. ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪೋಷಕರ ಸಭೆ ಸೇರಿತ್ತು. ಸಭೆ ನಡೆದಷ್ಟು ಹೊತ್ತೂ ಗಾರೆಕೆಲಸದವನೊಬ್ಬ ಕಾಂಪೌಂಡಿನ ಆಚೆ ಹೊಂಗೆಯ ಮರದಡಿ ನಿಂತಿದ್ದನು. ತೋಳಿನ ಮೇಲೆ, ಪ್ಯಾಂಟಿನ ಮೇಲೆ ಒಣಗಿದ ಸಿಮೆಂಟು. ಎಲ್ಲರೂ ಹೋದ ಮೇಲೆ ನಾನು ಗೇಟಿನ ಬಳಿಗೆ ಬಂದಾಗ ಕೈಮುಗಿದು, ‘ಸ್ವಾಮಿ, ನಮ್ಮ ಹುಡುಗಿ ಹೆಂಗೆ ಓದ್ತಾಳೆ?’ ಎಂದು ಕೇಳಿದನು. ಅವನ ಮಗಳು ಗಣಿತದಲ್ಲಿ ತರಗತಿಗೇ ಮೊದಲಿಗಳು. ‘ಒಳಗೇಕೆ ಬರಲಿಲ್ಲಪ್ಪ?’ ಎಂದೆ. ಅವನು ತನ್ನ ಬಟ್ಟೆಯನ್ನು ಒಮ್ಮೆ ನೋಡಿಕೊಂಡನೇ ಹೊರತು ಉತ್ತರ ಕೊಡಲಿಲ್ಲ. ಸಭೆಯ ಚೀಟಿಯನ್ನು ಮಗಳು ಅವನಿಗೆ ತೋರಿಸಿಯೇ ಇರಲಿಲ್ಲ. ಜೊತೆಯ ಕೆಲಸಗಾರನಿಂದ ತಿಳಿದು ಬಂದಿದ್ದನು. ಅಪ್ಪನ ಬಟ್ಟೆಯನ್ನು ಕಂಡು ಹುಡುಗಿಗೆ ನಾಚಿಕೆಯಾಗಿರಬೇಕೆಂದು ನಮ್ಮ ಸಹೋದ್ಯೋಗಿಗಳೊಬ್ಬರು ತೀರ್ಮಾನಿಸಿದರು. ಮರುದಿನ ನಾನು ಹುಡುಗಿಯನ್ನು ಕರೆದು ಕೇಳಿದೆ. ‘ಸಭೆಗೆ ಬಂದರೆ ಅಪ್ಪನಿಗೆ ಅರ್ಧ ದಿನದ ಕೂಲಿ ಹೋಗುತ್ತೆ, ಸಾರ್’ ಎಂದಳು. ನಾಚಿಕೆಯ ಸುಳಿವೂ ಅವಳ ಮುಖದಲ್ಲಿರಲಿಲ್ಲ.

ಮಗಳಿಗೆ ಇಲ್ಲದ ನಾಚಿಕೆ ತಂದೆಗೆ ಎಲ್ಲಿಂದ ಬಂದಿತು? ಶಾಲೆಯ ಗೇಟಿನಲ್ಲಿ ಅವನ ಬಟ್ಟೆಯನ್ನು ಕುರಿತು ಯಾವ ಸೂಚನೆಯೂ ಇರಲಿಲ್ಲ. ಕಾವಲಿನವನು ತಡೆದಿರಲಿಲ್ಲ. ಆದರೂ ಅವನ ಮನಸ್ಸಿನಲ್ಲಿ ಒಂದು ಸೂಚನಾಫಲಕ ತಾನಾಗಿಯೇ ನೇತಾಡುತ್ತಿತ್ತು. ಬರೆಯದೆ ಇದ್ದಾಗಲೇ ಇಷ್ಟು ಬಲವಾಗಿರುವ ಆ ಮಾತನ್ನು ಶಾಲೆ ಬರೆದು ತೂಗುಹಾಕಿದರೆ ಅವನು ಹೊಂಗೆಯ ಮರದವರೆಗೂ ಬರಲಾರನು. ಇಂಥ ನಿಯಮಗಳಿಂದ ಪೈಜಾಮದವನಿಗೆ ಹೆಚ್ಚು ಹಾನಿಯಿಲ್ಲ. ಅವನ ಬೀರುವಿನಲ್ಲಿ ಬೇರೆ ಬಟ್ಟೆಗಳಿವೆ, ಐದು ನಿಮಿಷ ಮುಂಚೆ ಎದ್ದರಾಯಿತು. ಪೆಟ್ಟು ಬೀಳುವುದು ಆಚೆಯ ಸಾಲಿನವರಿಗೆ.

ಅಮೆರಿಕದಲ್ಲಿ ನಡೆದುದೂ ಇದೇ. ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ ನಗರದ ಜೇಮ್ಸ್ ಮ್ಯಾಡಿಸನ್ ಹೈಸ್ಕೂಲಿನಲ್ಲಿ 2019ರ ಏಪ್ರಿಲಿನಲ್ಲಿ ಪ್ರಿನ್ಸಿಪಾಲರು ಪೋಷಕರಿಗೇ ಒಂದು ಉಡುಪಿನ ಸಂಹಿತೆಯನ್ನು ಪ್ರಕಟಿಸಿದರು. ಪೈಜಾಮ ಕೂಡದು, ತಲೆಗೆ ಸ್ನಾನದ ಟೋಪಿ ಕೂಡದು, ಕೂದಲು ಸುರುಳಿ ಮಾಡುವ ರೋಲರುಗಳು ಕೂಡದು ಎಂದು ಪಟ್ಟಿ ಬೆಳೆಯಿತು. ಮಕ್ಕಳು ನೋಡಿ ಕಲಿಯುವರೆಂಬ ಕಾರಣವನ್ನೇ ಅವರೂ ಕೊಟ್ಟರು. ಆದರೆ ಇದು ವಿನಂತಿಯಾಗಿರಲಿಲ್ಲ. ಮಗಳನ್ನು ಆ ಶಾಲೆಗೆ ಸೇರಿಸಲು ಬಂದ ತಾಯಿಯೊಬ್ಬಳನ್ನು, ಅವಳ ಉಡುಪೂ ತಲೆಗೆ ಕಟ್ಟಿದ ವಸ್ತ್ರವೂ ಸರಿಯಿಲ್ಲವೆಂದು ಒಳಗೆ ಬಿಡಲಿಲ್ಲವೆಂಬ ಸುದ್ದಿ ಹಬ್ಬಿತು. ಇದು ಬಡವರ ಮೇಲೂ ಕರಿಯ ಜನಾಂಗದ ಹೆಂಗಸರ ಮೇಲೂ ಬಿದ್ದ ಏಟೆಂದು ಟೀಕೆ ಬಂದಿತು. ಪ್ರಿನ್ಸಿಪಾಲರೂ ಅದೇ ಜನಾಂಗದ ಮಹಿಳೆಯೇ. ಅವರ ಉದ್ದೇಶ ಕೆಟ್ಟದ್ದಾಗಿತ್ತೆಂದು ಹೇಳಲು ಕಾರಣವಿಲ್ಲ. ಆದರೆ ಮಗಳ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದ ತಾಯಿಯನ್ನು ಹಿಂದಕ್ಕೆ ಕಳುಹಿಸಿದ ಮೇಲೆ ಉದ್ದೇಶದ ಮಾತು ಉಳಿಯುವುದೆಲ್ಲಿ?

ದೂರದ ಮಾತೇಕೆ? ನಮ್ಮ ಬೆಂಗಳೂರಿನಲ್ಲಿಯೇ 2024ರ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ತಲೆಯ ಮೇಲೆ ಮೂಟೆ ಹೊತ್ತು ಬಂದ ರೈತನೊಬ್ಬನನ್ನು ಬಟ್ಟೆ ಸರಿಯಿಲ್ಲವೆಂದು ತಡೆದು ನಿಲ್ಲಿಸಿದರು. ಅವನ ಬಳಿ ಟಿಕೆಟಿತ್ತು. ಸಹಪ್ರಯಾಣಿಕರು ಅವನ ಪರವಾಗಿ ನಿಂತು ವಾದಿಸಿದರು. ಆಮೇಲೆ ಮೆಟ್ರೋ ನಿಗಮ ತಡೆದ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷದ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ರೈತನನ್ನು ಪಂಚೆಯುಟ್ಟ ಕಾರಣಕ್ಕಾಗಿ ಒಳಗೆ ಬಿಡಲಿಲ್ಲ. ಸಂಗತಿ ವಿಧಾನಸಭೆಯವರೆಗೂ ಹೋಯಿತು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸಾರಿತು. ಕನ್ನಡ ನಾಡಿನ ರಾಜಧಾನಿಯಲ್ಲಿ ಪಂಚೆಗೆ ಪ್ರವೇಶವಿಲ್ಲ! ನೆರೆಯ ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟಿನ ನ್ಯಾಯಾಧೀಶರೊಬ್ಬರನ್ನೇ ಪಂಚೆಯುಟ್ಟು ಬಂದರೆಂದು ಕ್ಲಬ್ಬೊಂದು ಹಿಂದಕ್ಕೆ ಕಳುಹಿಸಿದಾಗ, ಆ ಸರ್ಕಾರ ಅದೇ ವರ್ಷ ಇಂಥ ತಡೆಯನ್ನು ಅಪರಾಧವೆಂದು ಸಾರುವ ಕಾನೂನನ್ನೇ ಮಾಡಿತು. ನ್ಯಾಯಾಧೀಶರಿಗಾದುದು ಕಾನೂನಿಗೆ ಕಾರಣವಾಯಿತು. ಗಾರೆಕೆಲಸದವನಿಗೆ ಆಗುವುದು ಹೊಂಗೆಯ ಮರಕ್ಕೆ ಮಾತ್ರ ತಿಳಿಯುತ್ತದೆ.

ಕ್ಲಬ್ಬಿಗೆ ಹೋಗದಿದ್ದರೆ ಒಂದು ಸಂಜೆ ಹೋದೀತು. ಸಿನಿಮಾ ತಪ್ಪಿದರೆ ಇನ್ನೊಂದು ಸಿನಿಮಾ ಬಂದೀತು. ಶಾಲೆಯ ಬಾಗಿಲು ಅಂಥದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಇದನ್ನು ಅರಿತಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಜರಡಿ ಹಿಡಿಯಕೂಡದೆಂದು ಅದರ ಹದಿಮೂರನೆಯ ಪ್ರಕರಣ ವಿಧಿಸುತ್ತದೆ. ತಪ್ಪಿದ ಶಾಲೆಗೆ ಮೊದಲ ಸಲ 25,000 ರೂಪಾಯಿಯವರೆಗೆ, ಆಮೇಲೆ ಪ್ರತಿಸಲವೂ 50,000 ರೂಪಾಯಿಯವರೆಗೆ ದಂಡ. ತಂದೆತಾಯಿಗಳ ಬಟ್ಟೆ, ಭಾಷೆ, ಬದುಕುಗಳನ್ನು ನೋಡಿ ಮಗುವಿನ ಯೋಗ್ಯತೆಯನ್ನು ಅಳೆಯುವ ಚಾಳಿ ಇದ್ದುದರಿಂದಲೇ ಈ ಪ್ರಕರಣ ಬೇಕಾಯಿತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅಲ್ಲಿ ಕುಳಿತು ಶಾಲೆಯ ಲೆಕ್ಕ ಕೇಳಬೇಕಾದವರು ಮಕ್ಕಳ ತಂದೆತಾಯಿಗಳೇ. ಕೂಲಿಯವನೂ ತರಕಾರಿ ಮಾರುವವಳೂ ಕೆಲಸದ ನಡುವೆ ಓಡಿಬಂದು ಆ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಾದ ವ್ಯವಸ್ಥೆಯಲ್ಲಿ, ಉಡುಪಿನ ಕಟ್ಟುಪಾಡೆಂದರೆ ಕುರ್ಚಿ ಖಾಲಿಯಿರಲೆಂದು ಹಾರೈಸಿದಂತೆಯೇ ಸರಿ.

ಹಾಗಾದರೆ ಪೈಜಾಮದಲ್ಲಿ ಬರಬಹುದೆ? ಪ್ರಶ್ನೆಯನ್ನು ಎರಡಾಗಿ ಸೀಳಿಕೊಂಡರೆ ಉತ್ತರ ಕಷ್ಟವಲ್ಲ. ಶಾಲೆಯು ಅದನ್ನು ತಡೆಯಬಹುದೆ ಎಂದರೆ, ಕೂಡದು. ತಂದೆತಾಯಿಗಳು ಹಾಗೆಯೇ ಬರುವುದು ಒಳ್ಳೆಯದೆ ಎಂದರೆ, ಅದು ಹೊತ್ತನ್ನೂ ಸಂದರ್ಭವನ್ನೂ ನೋಡಿ ಅವರೇ ತೀರ್ಮಾನಿಸಬೇಕಾದ ಮಾತು. ಪ್ರಾಥಮಿಕ ಶಾಲೆಗೆ ವರ್ಷದಲ್ಲಿ 200 ದಿನ, ಹಿರಿಯ ಪ್ರಾಥಮಿಕಕ್ಕೆ 220 ದಿನ ಕೆಲಸ ನಡೆಯಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಇನ್ನೂರು ಬೆಳಗೂ ಅಕ್ಷರಾಭ್ಯಾಸದ ಬೆಳಗಾಗಿರಲು ಸಾಧ್ಯವಿಲ್ಲ. ರಸ್ತೆಯ ತಿರುವಿನಲ್ಲಿ ವ್ಯಾನಿಗೆ ಹತ್ತಿಸಿ ಮನೆಗೆ ಮರಳುವ ತಾಯಿ ನೈಟಿಯಲ್ಲಿದ್ದರೆ ಸರಸ್ವತಿಗೆ ಯಾವ ಅಪಚಾರವೂ ಆಗದು. ಉಪಾಧ್ಯಾಯರನ್ನು ಕಂಡು ಮಗುವಿನ ಓದನ್ನು ವಿಚಾರಿಸುವ ದಿನ ಮಾತ್ರ ಬೇರೆ. ಆ ದಿನ, ಬೇರೆ ಬಟ್ಟೆ ಇರುವವರು ಅದನ್ನು ಉಟ್ಟು ಬರಲಿ. ಮನೆಗೆ ಬಂದ ಹಿರಿಯರೆದುರು ಹೇಗೆ ಕುಳಿತುಕೊಳ್ಳುತ್ತೇವೆಯೋ ಹಾಗೆ ಮಗುವಿನ ಗುರುವಿನೆದುರು ಕುಳಿತರೆ, ಪಕ್ಕದಲ್ಲಿ ನಿಂತ ಮಗುವಿಗೆ ಅದು ಕಾಣುತ್ತದೆ. ಹೊತ್ತಿಲ್ಲದವರು, ಬಟ್ಟೆಯಿಲ್ಲದವರು, ಕೆಲಸದಿಂದ ನೇರವಾಗಿ ಬಂದವರು ಇದ್ದಹಾಗೆಯೇ ಬರಲಿ. ಅವರು ಬಂದುದೇ ಗೌರವ.

ಉಪಾಧ್ಯಾಯ ಮಿತ್ರರಿಗೂ ಒಂದು ಮಾತು. ಯಾರಿಗಾದರೂ ಹೇಳಲೇಬೇಕೆನಿಸಿದರೆ, ಗೇಟಿಗೆ ಫಲಕ ಹಾಕಬೇಡಿ, ಮಕ್ಕಳ ಕೈಯಲ್ಲಿ ಚೀಟಿ ಕಳುಹಿಸಬೇಡಿ. ಫಲಕಕ್ಕೆ ಓದುವವರ ಮುಖ ಕಾಣುವುದಿಲ್ಲ. ಪೈಜಾಮದವನೂ ಸಿಮೆಂಟಿನವನೂ ಅದಕ್ಕೆ ಒಂದೇ. ನಿಮಗೆ ಕಾಣುತ್ತದೆ. ಪರಿಚಯವಿದ್ದವರನ್ನು ಪಕ್ಕಕ್ಕೆ ಕರೆದು ನಗುನಗುತ್ತ ಹೇಳಿದರೆ ಯಾರೂ ಮುನಿಯಲಾರರು. ಸಭೆಯನ್ನು ಕೂಲಿ ತಪ್ಪದ ಹೊತ್ತಿಗೆ, ಸಂಜೆಯೋ ಭಾನುವಾರವೋ ಇಟ್ಟುಕೊಳ್ಳಿ. ಮರದಡಿ ಯಾರಾದರೂ ನಿಂತಿರುವರೇ ಎಂದು ಸಭೆಗೆ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿಬನ್ನಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ನಮ್ಮ ಬಡಾವಣೆಯ ಹಿರಿಯರಿಗೆ ನಾನು ಇಷ್ಟನ್ನೂ ಹೇಳಿದೆನು. ಅವರಲ್ಲೊಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ‘ಶಿಸ್ತು ಎಲ್ಲಿಂದಲಾದರೂ ಮೊದಲಾಗಬೇಕಲ್ಲ, ಮೇಷ್ಟ್ರೇ?’ ಎಂದರು. ಅದು ನ್ಯಾಯವಾದ ಮಾತು. ನಮ್ಮ ರಸ್ತೆಯಲ್ಲಿ ವ್ಯಾನು ಬರುವ ಹೊತ್ತಿಗೆ ತಿರುವಿನಲ್ಲಿ ಅಡ್ಡಲಾಗಿ ಕಾರು ನಿಲ್ಲಿಸುವವರಿಂದ ಅದು ಮೊದಲಾಗಬಹುದೆಂದು ನಾನು ಸೂಚಿಸಿದೆನು. ಆ ಕಾರುಗಳ ಒಡೆಯರೆಲ್ಲರೂ ಬಹಳ ಅಚ್ಚುಕಟ್ಟಾಗಿ ಉಡುಪು ಧರಿಸುವವರು.